ಮಾವನಿಗಿಂತ ಮುಂದೆ ಹೊರಟ ಗಂಟು

ನಮ್ಮ ಸೋದರಮಾವ ಯುದ್ಧಕಾಲದಲ್ಲಿ ಎರಡು ವರ್ಷಕ್ಕೂ ಮೀರಿ ಪ್ರಯಾಣದಲ್ಲಿದ್ದರು. ಆ ಅವಧಿಯಲ್ಲಿ ಅವರು ಒಂದು ರಾತ್ರಿಯೂ ತಮ್ಮ ಮನೆಯ ಹೊರಗೆ ಮಲಗಲಿಲ್ಲ.

ಈ ಎರಡು ವಾಕ್ಯಗಳಲ್ಲಿ ಒಂದು ಸುಳ್ಳಿರಬೇಕು ಎಂದು ನಿಮಗೆ ಅನ್ನಿಸಿದರೆ ನೀವು ನಮ್ಮ ಕಡೆಯವರಲ್ಲ. ಎರಡೂ ನಿಜ. ಸುಳ್ಳು ಸೇರುವುದಿದ್ದರೆ ಮುಂದೆ ಸೇರುತ್ತದೆ, ನಾನು ಇದನ್ನೆಲ್ಲ ಒಂದಾದ ಮೇಲೊಂದರಂತೆ ಜೋಡಿಸಿ ಹೇಳುವಾಗ. ನಡೆದದ್ದು ಹಾಗೆ ಸಾಲಾಗಿ ನಿಂತು ನಡೆಯುತ್ತದೆಯೇ? ನನ್ನ ನೆನಪಿನಲ್ಲಂತೂ ಮಾವ ಒಂದೇ ಹೊತ್ತಿಗೆ ಕೆರೆಯಲ್ಲೂ ಇದ್ದಾರೆ, ಸಂತೆಯಲ್ಲೂ ಇದ್ದಾರೆ, ದನದ ಕೊಟ್ಟಿಗೆಯ ಬಾಗಿಲಲ್ಲಿ ಮುದ್ದೆ ನುಂಗುತ್ತಲೂ ಇದ್ದಾರೆ. ಓದುವವರಿಗೆ ತಲೆ ಕೆಡಬಾರದೆಂದು ಅವರನ್ನು ಒಂದೊಂದೇ ಕಡೆ ನಿಲ್ಲಿಸಿ ತೋರಿಸುತ್ತೇನೆ. ಅವರು ನಿಲ್ಲುವ ಆಸಾಮಿಯಲ್ಲ, ಅಷ್ಟು ತಿಳಿದಿರಲಿ.

ಊರು ಹೊಸಕೋಟೆ ತಾಲ್ಲೂಕಿನಲ್ಲಿ, ಜಡಿಗೇನಹಳ್ಳಿಗೆ ನಡೆದು ಹೋಗಿ ಬರುವಷ್ಟು ದೂರ. ಮಾವನದು ಮೂಡಲ ಬೀದಿ. ಅವರ ತಂಗಿ, ಎಂದರೆ ನನ್ನ ಅವ್ವನನ್ನು ಅದೇ ಊರಿನ ಪಡುವಲ ಬೀದಿಗೆ ಕೊಟ್ಟಿದ್ದರು. ಮಾವನಿಗೆ ರಾಗಿ ಹೊಲ, ಒಂದು ಕಪಿಲೆ ಬಾವಿ, ಅದರ ನೀರೆಳೆಯಲು ಜೋಡಿ ಎತ್ತು. ಮಕ್ಕಳಿಲ್ಲ. ಮನೆಯಲ್ಲಿ ಅತ್ತೆ ಮತ್ತು ಅವರು, ಇಬ್ಬರೇ. ಅತ್ತೆಯನ್ನು ಕೇಳಿದರೆ ಇಬ್ಬರು ಎನ್ನುವುದೂ ಹೆಚ್ಚಾಯಿತು, ಒಂದೂವರೆ ಎನ್ನುತ್ತಿದ್ದರು. ಏಕೆಂದರೆ ಮಾವ ಎಂದೂ ಪೂರ್ತಿಯಾಗಿ ಮನೆಯಲ್ಲಿರುತ್ತಿರಲಿಲ್ಲ. ಮುದ್ದೆಯ ಮೊದಲ ತುತ್ತು ಒಲೆಯ ಮುಂದೆ, ಎರಡನೆಯದು ಜಗಲಿಯ ಮೇಲೆ, ಮೂರನೆಯದು ಕೊಟ್ಟಿಗೆಯಲ್ಲಿ! ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದರು. ಒಮ್ಮೆ ಕ್ಷೌರಕ್ಕೆ ಕೂತವರು ಅರ್ಧ ಗಡ್ಡಕ್ಕೆ ಎದ್ದು, ಯಾರದೋ ಕರು ಏಕೆ ಕೂಗುತ್ತಿದೆ ಎಂದು ನೋಡಲು ಹೋಗಿ, ಮರುದಿನದವರೆಗೂ ಅರ್ಧ ಗಡ್ಡದಲ್ಲೇ ಓಡಾಡಿದರು. ಕರು ಸುಮ್ಮನಾಗಿತ್ತಂತೆ.

ಅತ್ತೆ ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದರೂ ಒಳಗೊಂದು ಹೆದರಿಕೆ ಇತ್ತು. ಅದಕ್ಕೆ ಕಾರಣವೂ ಇತ್ತು. ಮಾವನ ತಂದೆ, ನನ್ನ ತಾತ, ಹಿಂದೆ ಯಾವಾಗಲೋ ಎತ್ತು ಮಾರಿ ಬರುತ್ತೇನೆಂದು ಧರ್ಮಪುರಿಯ ಕಡೆ ಹೋದರು. ಎತ್ತು ಮಾರಾಯಿತು. ತಾತ ಮಾತ್ರ ಬರಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಹೂಡಿದರೆಂದು ಆಮೇಲೆ ತಿಳಿಯಿತು. ಅಜ್ಜಿ ಸಾಯುವವರೆಗೂ ದಾರಿ ಕಾದರು. ಆ ಮನೆಗೆ ಸೊಸೆಯಾಗಿ ಬಂದ ಅತ್ತೆಗೆ ಮೊದಲ ದಿನವೇ ಯಾರೋ ಈ ಸುದ್ದಿಯನ್ನು ಬೆಲ್ಲದ ಜೊತೆ ಕೊಟ್ಟಿದ್ದರು. ಅಂದಿನಿಂದ ಮಾವ ಸಂತೆಗೆ ಹೊರಟರೂ ಅತ್ತೆ ಬಾಗಿಲಿಗೆ ಬಂದು, ಬೀದಿ ತಿರುಗುವವರೆಗೆ ನೋಡುತ್ತಾ ನಿಲ್ಲುತ್ತಿದ್ದರು.

ಇಂಥ ಮನೆಗೆ ಸಮುದ್ರ ಬಂದದ್ದು ಹಗ್ಗದ ಮೂಲಕ.

ಕಪಿಲೆಯ ಹಗ್ಗ ಸವೆದಿತ್ತು. ಹೊಸಕೋಟೆ ಸಂತೆಗೆ ಮಾವನ ಜೊತೆ ನಾನೂ ಹೋಗಿದ್ದೆ. ಆಗ ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆ, ರಜೆಗೆ ಊರಿಗೆ ಬಂದವನು. ಹಗ್ಗ ಮಾರುವ ಸಾಬರು ತೆಂಗಿನ ನಾರಿನ ಒಂದು ದಪ್ಪ ಸುರುಳಿಯನ್ನು ಎಳೆದು ಮುಂದಿಟ್ಟು, ಇದು ಮಂಗಳೂರಿನಿಂದ ಬಂದ ಮಾಲು, ಅಲ್ಲಿಗೆ ಲಕ್ಷದ್ವೀಪದಿಂದ ಹಾಯಿಹಡಗಿನಲ್ಲಿ ಬರುತ್ತದೆ, ಅಲ್ಲಿಯ ಜನ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಸಮುದ್ರದ ನೀರಿನಲ್ಲಿ ನೆನೆಹಾಕಿ ನಾರು ತೆಗೆಯುತ್ತಾರೆ ಎಂದು ವಿವರಿಸಿದರು. ಮಾವ ಸುರುಳಿಯನ್ನು ಕೈಗೆತ್ತಿಕೊಂಡರು. ಮೂಸಿದರು. ಆಮೇಲೆ ಅಷ್ಟು ಜನರ ನಡುವೆ ನಾಲಿಗೆ ಚಾಚಿ ಹಗ್ಗವನ್ನು ನೆಕ್ಕಿದರು!

"ಉಪ್ಪೈತೆ ಕಣ್ಲಾ," ಎಂದು ನನ್ನ ಕಡೆ ತಿರುಗಿದರು. "ನೀನೂ ನೋಡು."

ನಾನು ಸರ್ಕಾರಿ ನೌಕರ. ನೆಕ್ಕಲಿಲ್ಲ. ನೆಕ್ಕಿದೆನೆಂದು ಮಾವ ಆಮೇಲೆ ಊರೆಲ್ಲ ಹೇಳಿಕೊಂಡು ಬಂದರು. ಎಷ್ಟು ಸಲ ಹೇಳಿದರೆಂದರೆ ಈಗ ನನಗೇ ಬಾಯಲ್ಲಿ ಉಪ್ಪಿನ ನೆನಪಿದೆ.

ಸಾಬರಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಖುಷಿಯಾಗಿ ಇನ್ನಷ್ಟು ಹೇಳಿದರು. ಅಲ್ಲಿ ನೆಲವೆಲ್ಲ ಬಿಳಿ ಮರಳಂತೆ, ಮರವೆಂದರೆ ತೆಂಗು ಮಾತ್ರವಂತೆ. ಕೊನೆಗೆ, "ಅಲ್ಲಿ ನಿಂತ್ಕೊಂಡ್ರೆ ಯಾವ ದಿಕ್ಕಿಗ್ ನೋಡಿದ್ರೂ ಆಚೆ ದಡ ಕಾಣಲ್ಲ ಗೌಡ್ರೇ," ಎಂದರು.

ಮಾವ ಹಗ್ಗ ಹಿಡಿದು ನಿಂತುಬಿಟ್ಟರು. ಅವರು ನಿಂತಲ್ಲೇ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಚೌಕಾಸಿಯನ್ನೇ ಮಾಡದೆ ಹಗ್ಗ ಕೊಂಡು ಹೆಗಲಿಗೆ ಹಾಕಿಕೊಂಡರು. ಸಾಬರಿಗೇ ಅನುಮಾನ ಬಂದು, ಗೌಡರಿಗೆ ಮೈ ಸರಿಯಿಲ್ಲವೇನೋ ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದರು.

ಊರಿಗೆ ಬಂದವರೇ ಅರಳಿಕಟ್ಟೆಯಲ್ಲಿ ಸಾರಿಬಿಟ್ಟರು: ಲಕ್ಷದ್ವೀಪಕ್ಕೆ ಹೋಗಿಬರುತ್ತೇನೆ. ನಮ್ಮೂರಿನವರು ಪ್ರಯಾಣ ಕಾಣದವರಲ್ಲ. ತಿರುಪತಿಗೆ ಹೋದವರಿದ್ದರು, ಕೋಲಾರದ ಗಣಿಗೆ ಹೋದವರಿದ್ದರು, ಹೆಣ್ಣು ನೋಡಲು ಕೃಷ್ಣಗಿರಿಯವರೆಗೆ ಹೋಗಿ ಬೇಡವೆಂದು ಬಂದವರಿದ್ದರು. ಆದ್ದರಿಂದ ಕ್ರಮವಾಗಿ ಕೇಳಿದರು. ಅಲ್ಲಿ ಯಾವ ದೇವರು? ದೇವರ ವಿಷಯ ಗೊತ್ತಿಲ್ಲ. ನೆಂಟರಿದ್ದಾರೆಯೇ? ಇಲ್ಲ. ದನ ಕೊಳ್ಳಲಿಕ್ಕೋ? ಅಲ್ಲಿ ದನ ಕಡಿಮೆ.

"ಮತ್ತೆ ಯಾಕಪ್ಪಾ?"

"ಸುಮ್ನೆ ಕೂತ್ಕೊಂಡು ಬರೋಕೆ."

ಕಟ್ಟೆಯ ಮೇಲಿದ್ದವರು ನಕ್ಕ ನಗುವಿಗೆ ಅರಳಿಮರದ ಹಕ್ಕಿ ಎದ್ದವು ಎಂದರೆ ಅತಿಶಯೋಕ್ತಿ, ಎರಡು ಎದ್ದಿರಬಹುದು. ಮುದ್ದೆ ಮುಗಿಯುವವರೆಗೆ ಕೂರಲಾರದ ಮನುಷ್ಯ, ಸುಮ್ಮನೆ ಕೂರುವುದಕ್ಕಾಗಿ ಸಮುದ್ರ ದಾಟುತ್ತಾನಂತೆ! ಕೂರುವುದಕ್ಕೆ ಜಗಲಿ ಇಲ್ಲವೇ?

ಮಾವ ಶಾಲೆಯ ಮೇಷ್ಟರ ಮನೆಗೆ ಹೋಗಿ ಭೂಪಟ ಬಿಚ್ಚಿಸಿದರು. ನೊಣ ಕೂತೆದ್ದ ಗುರುತಿನಂತೆ ಅಲ್ಲಷ್ಟು ಇಲ್ಲಷ್ಟು ಚುಕ್ಕೆ ಕಂಡವು.

"ಲಕ್ಷ ಎಲ್ಲವೆ ಮೇಷ್ಟ್ರೇ?"

"ಹೆಸರಿಗೆ ಲಕ್ಷ ಕಣಪ್ಪ. ಇರೋದು ಇಷ್ಟೇ."

"ಹಂಗಾರೆ ನಿಮ್ ಪಟ ಹಳೇದು," ಎಂದು ಮಾವ ಎದ್ದು ಬಂದರು. ಮೇಷ್ಟರು ಆ ರಾತ್ರಿ ಪಟದ ಮುದ್ರಣದ ವರ್ಷ ಹುಡುಕಿದರಂತೆ. ಇದನ್ನು ಹೇಳಿದವರು ಮೇಷ್ಟರ ಹೆಂಡತಿ. ಅವರಿಗೂ ಗಂಡನ ಮೇಲೆ ಏನೋ ಸಿಟ್ಟಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದರೆ ಅತ್ತೆಯ ಕಿವಿಗೆ ಬಿದ್ದದ್ದು ಲಕ್ಷ ಎನ್ನುವ ಮಾತೊಂದೇ. "ಧರ್ಮಪುರಿ ಅಂದ್ರೆ ಒಂದೂರು. ಹುಡುಕ್ಕೊಂಡಾದ್ರೂ ಹೋಗಬೋದು," ಎಂದು ನನ್ನೆದುರು ಒರಳಿನ ಮುಂದೆ ಕೂತು ಹೇಳಿದರು. "ಲಕ್ಷದಾಗೆ ಒಂದ್ರಲ್ಲಿ ಅವಿತ್ಕೊಂಡ್ರೆ ನಾನ್ ಎಲ್ಲೀಂತ ಹುಡುಕ್ಲೋ?" ನಾನು ನಕ್ಕೆ. ಅತ್ತೆ ನಗಲಿಲ್ಲ.

ಇತ್ತ ಮಾವನ ತಯಾರಿ ಜೋರಾಯಿತು. ಅಲ್ಲಿ ಬರೀ ಅನ್ನ, ಮೀನು, ತೆಂಗಿನಕಾಯಿ ಎಂದು ತಿಳಿದಿದ್ದರಿಂದ ರಾಗಿ ಒಯ್ಯಬೇಕು. ಹಿಟ್ಟು ಒಯ್ದರೆ ಸಮುದ್ರದ ಗಾಳಿಗೆ ಮುಗ್ಗುತ್ತದೆ, ಕಾಳನ್ನೇ ಒಯ್ಯಬೇಕು. ಮರಳಿನ ನೆಲದಲ್ಲಿ ಕಲ್ಲೆಲ್ಲಿಂದ ಬರಬೇಕು? ಆದ್ದರಿಂದ ಬೀಸುವ ಕಲ್ಲನ್ನೂ ಒಯ್ಯಬೇಕು! ಕಲ್ಲು ಹೇರಿದ ಹಡಗು ಮುಳುಗದೇ ಎಂದು ಯಾರೋ ಕೇಳಿದರು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಮಾವ ಆಲೆಮನೆಯಿಂದ ಬೆಲ್ಲ ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಯನ್ನು ಗಾಡಿಯಲ್ಲಿ ತರಿಸಿ, ಕೆರೆಗೆ ಇಳಿಸಿ, ಕಲ್ಲಿಟ್ಟುಕೊಂಡು ಕೂತರು. ಊರಿಗೆ ಊರೇ ಏರಿಯ ಮೇಲೆ. ಕೊಪ್ಪರಿಗೆ ಮುಳುಗಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಇದ್ದಲ್ಲೇ ಬುಗುರಿಯಂತೆ ಸುತ್ತತೊಡಗಿತು. ಮಾವ ಸುತ್ತಿದರು, ಸುತ್ತಿದರು, ಕೊನೆಗೆ ಅಂಚಿನ ಮೇಲೆ ಬಾಗಿ ಬೆಳಗಿನ ಅಂಬಲಿಯನ್ನೆಲ್ಲ ಕೆರೆಗೆ ಕೊಟ್ಟರು. ಎಳೆದು ದಡಕ್ಕೆ ತಂದಾಗ ಮುಖ ಬಿಳಿಚಿತ್ತು, ಕಣ್ಣು ಹೊಳೆಯುತ್ತಿತ್ತು.

"ಹಡಗಲ್ಲೂ ಹಿಂಗೇ ಆಯ್ತದಂತೆ," ಎಂದರು ತೃಪ್ತಿಯಿಂದ.

ಅತ್ತೆ ಏರಿಯ ಮೇಲೆ ಎಲ್ಲರಿಗಿಂತ ಆಚೆ ಒಬ್ಬರೇ ನಿಂತಿದ್ದರು. ಅವರು ಕೊಪ್ಪರಿಗೆಯನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದರು. ಇದು ನಾನು ಕಂಡದ್ದೋ, ಮುಂದೆ ನಡೆದದ್ದು ತಿಳಿದ ಮೇಲೆ ಅವರನ್ನು ಅಲ್ಲಿ ತಂದು ನಿಲ್ಲಿಸಿದೆನೋ, ಪ್ರಮಾಣ ಮಾಡಿ ಹೇಳಲಾರೆ.

ಜೋಯಿಸರು ಒಂದು ಒಳ್ಳೆಯ ಮುಹೂರ್ತ ಹುಡುಕಿಕೊಟ್ಟರು. ಅಂಥದು ಮತ್ತೆ ಬರಲು ಬಹಳ ಕಾಲ ಬೇಕೆಂದರು. ಆದರೆ ಹೊರಡುವುದು ಹೇಗೆ? ಯುದ್ಧ ನಡೆಯುತ್ತಿತ್ತು. ಸಮುದ್ರದ ತುಂಬ ಸಿಡಿಗುಂಡುಗಳಿವೆ, ಈಗ ಯಾವ ಹಡಗಿನವನೂ ಹತ್ತಿಸಿಕೊಳ್ಳುವುದಿಲ್ಲ ಎಂದು ಸಾಬರು ಹೇಳಿಕಳಿಸಿದ್ದರು. ಮುಹೂರ್ತ ಇವತ್ತು, ಹಡಗು ಯಾವತ್ತೋ.

ಇದಕ್ಕೆ ನಮ್ಮ ಕಡೆ ಒಂದು ದಾರಿಯಿದೆ. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದಿದ್ದರೆ, ಹೊರಡುವವರ ಉಟ್ಟ ಬಟ್ಟೆಯನ್ನು ಅಕ್ಕಿ, ಅರಿಶಿನ, ಎಲೆ ಅಡಿಕೆಯ ಜೊತೆ ಗಂಟು ಕಟ್ಟಿ, ಆ ಗಳಿಗೆಯಲ್ಲಿ, ಹೋಗಬೇಕಾದ ದಿಕ್ಕಿನ ಬೇರೊಂದು ಮನೆಯಲ್ಲಿ ಇಟ್ಟುಬರುವುದು. ಗಂಟಿನಲ್ಲಿ ಯಾರ ಬಟ್ಟೆಯಿದೆಯೋ ಅವರು ಹೊರಟಂತೆಯೇ ಲೆಕ್ಕ. ಆಮೇಲೆ ಅನುಕೂಲವಾದಾಗ ಹೋಗಬಹುದು. ಕಟ್ಟಳೆ ಮೂರೇ: ಗಂಟು ಒಂದೇ ಮನೆಯಲ್ಲಿ ಬಹಳ ದಿನ ಇರಬಾರದು, ಮುಂದೆ ಸಾಗುತ್ತಿರಬೇಕು. ಹೊರಟವರ ಹೊರತು ಇನ್ನೊಬ್ಬರು ಅದನ್ನು ಬಿಚ್ಚಬಾರದು. ಗಂಟು ತಾನು ಹೊರಟ ಮನೆಯ ಹೊಸಿಲು ದಾಟಿ ಮತ್ತೆ ಒಳಗೆ ಬಂದರೆ ಪ್ರಯಾಣ ಅಲ್ಲಿಗೆ ಮುಗಿಯಿತು. ಉಳಿದವರೆಲ್ಲ ಇದನ್ನು ಒಂದು ದಿನಕ್ಕೋ ಎರಡು ದಿನಕ್ಕೋ ಮಾಡುತ್ತಾರೆ. ಜಗತ್ತಿನ ಯುದ್ಧ ಮುಗಿಯುವವರೆಗೆ ಪ್ರಸ್ಥಾನ ಇಟ್ಟವರು ನಮ್ಮ ಮಾವ ಒಬ್ಬರೇ!

ಮಾವ ಕೋಣೆಯ ಬಾಗಿಲು ಹಾಕಿಕೊಂಡು ತಾವೇ ಗಂಟು ಕಟ್ಟಿದರು. ಪಡುವಣ ದಿಕ್ಕಿನಲ್ಲಿ ಮೊದಲು ಸಿಗುವ ನೆಂಟರ ಮನೆ ನಮ್ಮದೇ ಆದ್ದರಿಂದ ಅವ್ವ ಅದನ್ನು ಅಟ್ಟದ ಮೇಲಿಟ್ಟು ದೀಪ ತೋರಿಸಿದಳು.

ಅಂದಿನಿಂದ ಮಾವ ಊರಲ್ಲಿಲ್ಲ. ಇದ್ದರು, ಆದರೆ ಇಲ್ಲ. ಪಂಚಾಯಿತಿಗೆ ಕರೆದರೆ, ತಾನು ಪ್ರಯಾಣದಲ್ಲಿರುವವನು, ನಿಮ್ಮೂರಿನ ವ್ಯಾಜ್ಯ ನನಗೇಕೆ ಎನ್ನುತ್ತಿದ್ದರು. ಸರ್ಕಾರಕ್ಕೆ ಕೊಡಬೇಕಾದ ಲೆವಿ ರಾಗಿ ಅಳೆಸಿಕೊಳ್ಳಲು ಬಂದ ಶಾನುಭೋಗರಿಗೆ, "ಗೌಡ್ರು ಊರಲ್ಲಿಲ್ಲ," ಎಂದು ತಮ್ಮ ಬಾಯಿಂದಲೇ ಹೇಳಿ ಕಳಿಸಿದರು. ಊಟಕ್ಕೆ ಕೂತಾಗ, ಇಲ್ಲ, ನಿಂತಾಗ, ಅತ್ತೆಯನ್ನು ಪರಸ್ಥಳದವರಂತೆ, ಈ ಕಡೆಯೆಲ್ಲ ಮಳೆ ಹೇಗೆ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಊರು ನಕ್ಕಿತು. ಅತ್ತೆಗೆ ಮಾತ್ರ ಗಂಡ ಎದುರಿಗಿದ್ದೇ ಹೊರಟುಹೋದಂತಾಯಿತು.

ಅದೇ ಕಾಲಕ್ಕೆ ಎರಡು ಮನೆಗಳ ನಡುವೆ ಒಂದು ಜಗಳ ಹುಟ್ಟಿತು. ಅತ್ತೆಯ ಒಂದು ಸೀರೆ, ದೊಡ್ಡಬಳ್ಳಾಪುರದ ಮಗ್ಗದ್ದು, ಇಟ್ಟಿಗೆ ಬಣ್ಣಕ್ಕೆ ಹಸಿರು ಅಂಚಿನದು, ಕಾಣೆಯಾಯಿತು. ಯುದ್ಧಕಾಲ, ಬಟ್ಟೆ ಸಿಗುತ್ತಿರಲಿಲ್ಲ. ಆ ಅಂಚಿನ ಮೇಲೆ ನಾದಿನಿಗೆ ಮೊದಲಿಂದ ಕಣ್ಣಿತ್ತು ಎಂದು ಅತ್ತೆ ಬಾವಿಕಟ್ಟೆಯಲ್ಲಿ ಅಂದರು. ಅತ್ತಿಗೆಯ ಹಳೇ ಸೀರೆ ನನಗೇಕೆ ಎಂದು ಅವ್ವ ಅಂದಳು. ಹಳೇದು ಎಂಬ ಮಾತು ಕಳ್ಳತನಕ್ಕಿಂತ ದೊಡ್ಡದಾಯಿತು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ನಾನು ಊರಿಗೆ ಹೋದಾಗ, "ನಿಮ್ಮತ್ತೆಗೆ ಹೇಳು," "ನಿಮ್ಮವ್ವಂಗೆ ಹೇಳು," ಎಂದು ನಡುವೆ ಓಡಾಡುವ ಅಂಚೆಯವನಾದೆ.

ಗಂಟು ಮಾತ್ರ ಸುಖವಾಗಿ ಸಾಗುತ್ತಿತ್ತು. ನಮ್ಮ ಮನೆಯಿಂದ ಜಡಿಗೇನಹಳ್ಳಿಯ ನೆಂಟರಲ್ಲಿಗೆ ಹೋಯಿತು. ಅಲ್ಲೊಂದು ಮದುವೆ ನಡೆದಾಗ ಗಂಟಿಗೂ ಅರಿಶಿನ ಕುಂಕುಮವಾಯಿತು, ಹೋಳಿಗೆ ಎಡೆಯಾಯಿತು. ಅಲ್ಲಿಂದ ಹೊಸಕೋಟೆಯ ಎಣ್ಣೆ ಅಂಗಡಿಯ ಗೆಳೆಯರ ಮನೆಗೆ. ಅಲ್ಲಿಂದ ಬೆಂಗಳೂರಿಗೆ, ನನ್ನ ಬಾಡಿಗೆ ಕೋಣೆಗೆ. ತರುವ ಕೆಲಸ ನನ್ನ ಪಾಲಿಗೆ ಬಂತು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಲೆ, ಮುಂದೆ ಗಾಳಿ ಹಾಕುವವನು, ಒಳಗೆ ಕೆಮ್ಮುವ ನಾವು. ಗಂಟನ್ನು ನೆಲಕ್ಕಿಡಬಾರದೆಂದು ಮಾವನ ಅಪ್ಪಣೆಯಾಗಿದ್ದರಿಂದ ಪಕ್ಕದ ಸೀಟಿನಲ್ಲಿಟ್ಟೆ. ಕಂಡಕ್ಟರು ಅದನ್ನು ಎತ್ತು ಎಂದ. ಅದು ನಮ್ಮ ಮಾವ ಎಂದೆ. ಅವನು ಗಂಟನ್ನು ನೋಡಿದ, ನನ್ನನ್ನು ನೋಡಿದ, "ಮಾವಂಗೂ ಟಿಕೀಟು ತಗೋ ಗುರು," ಎಂದ.

ಗಂಟಿಗೆ ನನ್ನ ಕೋಣೆ ಒಗ್ಗಿತೋ ಏನೋ, ಅಲ್ಲೇ ಉಳಿದುಬಿಟ್ಟಿತು. ಮುಂದಕ್ಕೆ ಸಾಗಿಸಲು ಆ ದಿಕ್ಕಿನಲ್ಲಿ ನಮಗೆ ಗುರುತಿನವರಿರಲಿಲ್ಲ. ಕಟ್ಟಳೆ ಮೀರಬಾರದೆಂದು ನಾನು ಅದನ್ನು ಗೂಟದಿಂದ ಕಿಟಕಿಗೆ, ಕಿಟಕಿಯಿಂದ ಪೆಟ್ಟಿಗೆಯ ಮೇಲಕ್ಕೆ, ಪಡುವಣ ಗೋಡೆಯ ಕಡೆಗೆ ಗೇಣು ಗೇಣಾಗಿ ಸರಿಸುತ್ತಾ ಬಂದೆ. ಗೋಡೆ ಸಿಗುವ ಹೊತ್ತಿಗೆ ಯುದ್ಧ ಮುಗಿಯಿತು.

ಇಲ್ಲಿಗೆ ಬಂದರೆ ನಮ್ಮ ಮನೆಯವರು ಕತೆಯನ್ನು ಸೀದಾ ಹಡಗು ಹತ್ತಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ದ್ವೀಪದಲ್ಲಿ ತಿಂಗಳು ಕಳೆದರು, ಬೀಸುವ ಕಲ್ಲನ್ನು ಅಲ್ಲಿಯವರಿಗೆ ಕೊಟ್ಟು ಬಂದರು ಎಂದು ಒಬ್ಬರು. ಮಂಗಳೂರಿನವರೆಗೆ ಹೋಗಿ ನೀರು ನೋಡಿ ಮರಳಿದರು ಎಂದು ಇನ್ನೊಬ್ಬರು. ಮಾವನನ್ನೇ ಕೇಳಿದರೆ ಕೇಳಿದವರ ಮುಖ ನೋಡಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. ಅತ್ತೆ ನಗುತ್ತಿದ್ದರು, ಅಷ್ಟೇ. ಅದು ನಾನು ಕಂಡದ್ದಲ್ಲ, ಬಿಡಿ. ಕಂಡದ್ದು ಒಂದೇ ಒಂದು ಬೆಳಗು. ಅದನ್ನು ಮಾತ್ರ ಯಾರೂ ತಿದ್ದುವಂತಿಲ್ಲ.

ಯುದ್ಧ ಮುಗಿದ ಸುದ್ದಿ ಬಂದು ಸ್ವಲ್ಪ ಕಾಲವಾಗಿತ್ತು. ಒಂದು ಭಾನುವಾರ ನನ್ನ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಬ್ಬರೇ. ಹೊಸಕೋಟೆ ದಾಟಿ ಅವರು ಬಂದದ್ದು ಅದೇ ಮೊದಲು, ಬಸ್ಸು ಹತ್ತಿದ್ದೂ ಮೊದಲು. ಮುಖದ ಮೇಲೆಲ್ಲ ಇದ್ದಿಲ ಮಸಿ. ನೀರು ಕೊಟ್ಟರೆ ಕುಡಿಯಲಿಲ್ಲ.

"ಗಂಟೆಲ್ಲೋ?"

ತೋರಿಸಿದೆ. ಅತ್ತೆ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಮಾವ ಹೊಲ ನೋಡಿಕೊಳ್ಳಲು ಆಳು ಗೊತ್ತುಮಾಡಿದ್ದಾರೆಂದೂ, ಮಂಗಳೂರಿಗೆ ಹೋಗುವ ದಾರಿ ವಿಚಾರಿಸುತ್ತಿದ್ದಾರೆಂದೂ ಹೇಳಿದರು. ಗಲಾಟೆ ಮಾಡಲಿಲ್ಲ, ಅಳಲಿಲ್ಲ.

"ಇದನ್ನ ತಗೊಂಡೋಗಿ ಹೊಸ್ಲು ದಾಟಿಸ್ತೀನಿ. ಆಮ್ಯಾಕೆ ಅದೆಂಗ್ ಹೋಗ್ತಾರೋ ನೋಡಾನ. ನಮ್ಮತ್ತೆ ಕಾದಂಗೆ ನಂಗೆ ಕಾಯೋಕಾಗಲ್ಲ ಕಣಪ್ಪ."

ಅತ್ತೆ ಗಂಟನ್ನು ಮೂಗಿಗೆ ಹಿಡಿದರು. ಮುಗ್ಗಲು ವಾಸನೆ. ಪಂಚೆ ಕೊಳೆತುಹೋಗಿರುತ್ತದೆ, ಒಗೆದಾದರೂ ಒಯ್ಯುತ್ತೇನೆ ಎಂದು ಬಿಚ್ಚತೊಡಗಿದರು. ಗಂಡನ ಪ್ರಯಾಣವನ್ನೇ ಮುರಿಯಲು ಬಂದವರಿಗೆ ಅವರ ಪಂಚೆ ಹಾಳಾದರೆ ಸಹಿಸದು! ಬೇರೆಯವರು ಬಿಚ್ಚಬಾರದು ಅತ್ತೆ ಎಂದೆ. ಕೆಡಿಸೋಕೇ ಬಂದಿದ್ದೀನಿ ಎಂದರು.

ಹೊರಗಿನ ಸುತ್ತು ಮಾವನ ಪಂಚೆ. ಅದರೊಳಗೆ ಒಣಗಿದ ಎಲೆ, ಅರಿಶಿನದ ಕೊಂಬು, ಹುಳು ಹಿಡಿದ ಅಕ್ಕಿ. ಅಕ್ಕಿಯ ಕೆಳಗೆ, ಅಚ್ಚುಕಟ್ಟಾಗಿ ಮಡಿಸಿದ, ಇಟ್ಟಿಗೆ ಬಣ್ಣಕ್ಕೆ ಹಸಿರು ಅಂಚಿನ ಸೀರೆ.

ಅತ್ತೆ ಬಹಳ ಹೊತ್ತು ಅದರ ಮೇಲಿನ ಅಕ್ಕಿಯನ್ನು ಒಂದೊಂದಾಗಿ ಆರಿಸುತ್ತಾ ಕೂತರು.

"ನಿಮ್ಮವ್ವನ ತಾವ ಮಾತು ಬಿಟ್ಟಿದ್ನಲ್ಲೋ," ಎಂದರು ಮೊದಲು. "ನಿಮ್ ಅಟ್ಟದ್ ಮ್ಯಾಲೇ ಇತ್ತಲ್ಲ ಇದು. ಅವಳ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ಆಮೇಲೆ ಸೀರೆಯ ಅಂಚನ್ನು ಬೆರಳಲ್ಲಿ ಸವರುತ್ತಾ, ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ, ಹೀಗೆಂದರು:

"ಇದ್ನೇ ಉಟ್ಟಿದ್ದೆ. ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಷ. ಏರಿ ಮ್ಯಾಲೆ ನಿಂತ್ಕೊಂಡು, ಆಚೆ ದಡ ಕಾಣ್ದೇ ಇದ್ರೆ ಹೆಂಗಿರ್ತದೋ, ಅಂಥ ತಾವ ಸುಮ್ನೆ ಕೂತ್ಕಬೇಕು ಅನ್ನಿಸ್ತದೆ ಅಂದೆ. ಏನೋ ಬಾಯಿಗ್ ಬಂತು, ಅಂದೆ. ಅವ್ರು ಎತ್ತಿನ ಮೈ ತೊಳೀತಿದ್ರು. ಕೇಳಿಸ್ಕೊಂಡ್ರು ಅಂತಾನೂ ನಂಗೆ ಗೊತ್ತಿರ್ಲಿಲ್ಲ."

ನನಗೆ ಹೊಸಕೋಟೆ ಸಂತೆಯಲ್ಲಿ ಹಗ್ಗ ಹಿಡಿದು ನಿಂತಲ್ಲೇ ನಿಂತ ಮಾವ ಕಂಡರು.

ಅತ್ತೆ ಎದ್ದು ಸೀರೆಯನ್ನು ಕಿಟಕಿಯ ಬೆಳಕಿಗೆ ಕೊಡವಿದರು. ಮತ್ತೆ ಮಡಿಸಿದರು. ಡಬ್ಬಿಯಿಂದ ಹಿಡಿ ಹೊಸ ಅಕ್ಕಿ ಕೇಳಿ ಹಾಕಿಕೊಂಡರು. ಪಂಚೆಯನ್ನು ಸುತ್ತಿ, ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಮಾವ ಕಟ್ಟಿದ್ದಕ್ಕಿಂತ ಬಿಗಿಯಾಗಿ ಗಂಟು ಹಾಕಿದರು.

"ಬಿಚ್ಚಿದ್ದು ತಪ್ಪಾಯ್ತೇನೋ?"

"ಇಲ್ಲ ಅತ್ತೆ. ಹೊರಟವರು ಬಿಚ್ಚಬಹುದು."

ಅತ್ತೆ ತಲೆಯಾಡಿಸಿದರು. ಸೆರಗಿನ ತುದಿಯಿಂದ ಮುಖದ ಮಸಿ ಒರೆಸಿಕೊಂಡರು. ಈಗ ನೀರು ಕೇಳಿ ಕುಡಿದರು. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ಹೋಗಿ, ಬೀದಿಯ ಎರಡೂ ಕಡೆ ನೋಡಿ, ಪಡುವಣ ಯಾವುದೆಂದು ಕೇಳಿದರು. ತೋರಿಸಿದೆ.

"ಒಂದೇ ಮನೇಲಿ ಬಾಳಾ ದಿವ್ಸ ಇಡಬಾರ್ದು ಇದನ್ನ," ಎಂದರು. "ನೆಲಮಂಗಲದಾಗೆ ನಮ್ಮೋರು ಯಾರವ್ರೋ?"